ಗರಿಯ ಮೇಲಿನ ಕೆಂಧೂಳು

ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳವು. ಚಿಕ್ಕನಾಯಕನಹಳ್ಳಿ ಗುಡ್ಡದಿಂದ ಇಳಿಯುವ ಲಾರಿಗಳ ಕೆಂಧೂಳು ಬೇಸಿಗೆಯಿಡೀ ನಮ್ಮ ತೆಂಗಿನ ಗರಿ, ಹೊಂಬಾಳೆಗಳ ಮೇಲೆ ಕೂರುತ್ತಿತ್ತು. ದೂರು ಕೊಟ್ಟರೆ ಟ್ಯಾಂಕರ್ ಬಂದು ರಸ್ತೆಗೆ ನೀರು ಚಿಮುಕಿಸಿ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಮತ್ತದೇ ಧೂಳು. "ಗರಿ ತೊಳೆಯೋದು ಮಳೆ ಕಣಪ್ಪಾ, ಸರ್ಕಾರ ಅಲ್ಲ" ಅನ್ನುತ್ತಿದ್ದರು ಅಪ್ಪ. ವಾಯುಮಾಲಿನ್ಯ ತಡೆ ಕಾಯ್ದೆ 1981ರಿಂದಲೇ ಇತ್ತು. ಆದರೂ ನಮ್ಮ ತುಮಕೂರು, ಪಕ್ಕದ ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಬಿದ್ದದ್ದು 2011ರ ಆಗಸ್ಟ್ 26ರಂದು, ಸುಪ್ರೀಂ ಕೋರ್ಟಿನ ಆದೇಶದಿಂದ.

ಈಗ ತಿಪಟೂರು, ತುರುವೇಕೆರೆ ಕಡೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಘಟಕಗಳ ಹೊಗೆ. ಚಳಿಗಾಲದ ಬೆಳಗಿನಲ್ಲಿ ಮೇಲೇಳದೆ ಊರಮೇಲೇ ನಿಲ್ಲುತ್ತದೆ. ಘಟಕಗಳಿಗೆ ನೋಟಿಸ್ ಕೊಟ್ಟಿದ್ದೇವೆಂದು ಅಧಿಕಾರಿಗಳು ಹೇಳಿದರೆ ಜನ ನಂಬುವುದಿಲ್ಲ. ಆ ಅಪನಂಬಿಕೆ ಕೆಂಧೂಳಿನ ಕಾಲದ್ದು, ನ್ಯಾಯವಾದದ್ದು. ಅಧಿಕಾರಿಗಳೇ, ಗಾಳಿ ಅಳೆಯುವ ಯಂತ್ರವನ್ನು ಊರೊಳಗೇ ಇಡಿ. ಅದರ ಅಂಕಿಯನ್ನು ದಿನವೂ ಪಂಚಾಯಿತಿ ಗೋಡೆಯ ಮೇಲೆ ಬರೆಯಿರಿ.