ಮತ್ತೆ ಕೆಲಸಕ್ಕೆ ಬಂದ ಶಿವಂಗಿ

ಪುಣೆಯಲ್ಲಿ ನೆಲೆಸಿರುವ ನಾನು ಮಗಳ ಮನೆಗೆಂದು ಜರ್ಮನಿಗೆ ಹೋದಾಗ, ಮುನ್‌ಸ್ಟರ್ ಊರಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ‘ಗೆಪಾರ್ಡ್’ ನೋಡಿದೆ. ಗೆಪಾರ್ಡ್ ಅಂದ್ರೆ ಚೀತಾ, ನಮ್ಮ ಕನ್ನಡದ ಶಿವಂಗಿ. ಟ್ಯಾಂಕಿನ ಮೈಮೇಲೆ 35 ಮಿ.ಮೀ.ನ ಜೋಡಿ ಫಿರಂಗಿ, ಎರಡು ರೇಡಾರ್, ಒಳಗೆ ಮೂವರು. ತಗ್ಗಿನಲ್ಲಿ ಹಾರಿಬರುವ ವಿಮಾನಗಳಿಂದ ಪಡೆಯನ್ನು ಕಾಯೋದು ಇದರ ಕೆಲಸ.

1970ರ ದಶಕದಲ್ಲಿ ಸೇವೆಗೆ ಸೇರಿದ್ದನ್ನು, ಶೀತಲ ಸಮರ ಮುಗಿದ ಮೇಲೆ, 2010ರ ಸುಮಾರಿಗೆ ಜರ್ಮನ್ ಸೇನೆ ನಿವೃತ್ತಿಗೊಳಿಸಿತು. 2022ರಲ್ಲಿ ಲೆಕ್ಕ ತಿರುಗಿತು. ರಷ್ಯಾದ ಅಗ್ಗದ ಡ್ರೋನಿಗೆ ದುಬಾರಿ ಕ್ಷಿಪಣಿ ಹಾರಿಸಿದರೆ ನಷ್ಟವೇ ತಾನೆ? ಜರ್ಮನಿ ಹಳೇ ಗೆಪಾರ್ಡುಗಳನ್ನು ಉಕ್ರೇನಿಗೆ ಕೊಟ್ಟಿತು. ಅವು ಡ್ರೋನುಗಳನ್ನು ಹೊಡೆದುರುಳಿಸಿದವು. ಆದರೆ ಗುಂಡಿಗೇ ಬರ! ತನ್ನಲ್ಲಿ ತಯಾರಾದ ಗುಂಡನ್ನು ಉಕ್ರೇನಿಗೆ ದಾಟಿಸಲು ಸ್ವಿಟ್ಜರ್ಲೆಂಡ್ ಒಪ್ಪಲಿಲ್ಲ. 2023ರಲ್ಲಿ ಜರ್ಮನಿಯೇ ಹೊಸದಾಗಿ ತಯಾರಿಸಬೇಕಾಯ್ತು. ಯಂತ್ರವನ್ನು ಕಾಪಾಡಿದರೆ ಸಾಲದು, ಅದನ್ನು ನಡೆಸುವ ಸರಂಜಾಮನ್ನೂ ಕಾಪಾಡಬೇಕು.