ಹಲ್ಲಿಗೆ ‘ಕಾಣದ ಕ್ಲಿಪ್’: ದುಡ್ಡು ಕಟ್ಟುವ ಮುಂಚೆ ಇಷ್ಟು ತಿಳ್ಕೊಳ್ಳಿ

ಸೊಟ್ಟ ಹಲ್ಲು, ಉಬ್ಬು ಹಲ್ಲು ಸರಿ ಮಾಡಿಸೋಕೆ ಮೊದಲೆಲ್ಲ ತಂತಿ ಕ್ಲಿಪ್ಪೇ ಗತಿ. ಈಗ ಮೊಬೈಲ್ ತೆಗೆದರೆ ‘ತಂತಿ ಬೇಡ, ಯಾರಿಗೂ ಕಾಣಲ್ಲ, ತಿಂಗಳಿಗೆ ಇಷ್ಟೇ ಇಎಂಐ’ ಅನ್ನೋ ಜಾಹೀರಾತು. ಇದರ ಹೆಸರು ಕ್ಲಿಯರ್ ಅಲೈನರ್. ಮದುವೆ ಗೊತ್ತಾದವರು, ಕೆಲಸ ಹುಡುಕುವವರು, ದಿನವಿಡೀ ಗಿರಾಕಿ ಜೊತೆ ಮಾತಾಡುವ ಅಂಗಡಿಯವರು ಇದಕ್ಕೆ ಮನಸ್ಸು ಮಾಡೋದು ಸಹಜ.

ಇದೇನು ಮೋಸದ ಚಿಕಿತ್ಸೆ ಅಲ್ಲ. ಸರಿಯಾಗಿ ಮಾಡಿಸಿದರೆ ಹಲ್ಲು ಸಾಲಿಗೆ ಬರುತ್ತೆ. ಆದರೆ ಬಾಯಿ ಪರೀಕ್ಷೆ ಮಾಡದೆ ಶುರು ಮಾಡಿದರೆ, ಹಾಕಿಕೊಳ್ಳುವ ಗಂಟೆ ಲೆಕ್ಕ ತಪ್ಪಿದರೆ ದುಡ್ಡೂ ಹೋಗುತ್ತೆ, ಹಲ್ಲೂ ಕೆಡುತ್ತೆ.

ಹೇಗೆ ಕೆಲಸ ಮಾಡುತ್ತೆ?

ಹಲ್ಲಿನ ಅಳತೆ ತೆಗೆದು, ಹಲ್ಲಿಗೆ ಚೀಲದ ಹಾಗೆ ಕೂರುವ ತೆಳು ಪ್ಲಾಸ್ಟಿಕ್ ಸೆಟ್‌ಗಳನ್ನು ಮಾಡಿಕೊಡ್ತಾರೆ. ಒಂದೊಂದು ಸೆಟ್ ಹಲ್ಲನ್ನು ಸುಮಾರು 0.25 ಮಿ.ಮೀ.ವರೆಗೆ ಮಾತ್ರ ಸರಿಸುತ್ತೆ. ವಾರಕ್ಕೋ ಹದಿನೈದು ದಿನಕ್ಕೋ ಹೊಸ ಸೆಟ್. ಹಿಡಿತ ಸಿಗಲಿ ಅಂತ ಕೆಲವು ಹಲ್ಲಿನ ಮೇಲೆ ಹಲ್ಲಿನ ಬಣ್ಣದ್ದೇ ಸಣ್ಣ ಉಬ್ಬುಗಳನ್ನು ಅಂಟಿಸ್ತಾರೆ. ಹೊಸ ಸೆಟ್ ಹಾಕಿದ ಎರಡು ಮೂರು ದಿನ ಬಿಗಿತ, ಸಣ್ಣ ನೋವು, ಮಾತು ತೊದಲೋದು ಮಾಮೂಲು.

ಸಮಸ್ಯೆ 1: ಬಾಯಿ ನೋಡದೆ ಶುರು ಮಾಡೋದು

ಅತಿ ದೊಡ್ಡ ಅಪಾಯ ಇದೇ. ಮನೆಗೆ ಬಂದು ಬರೀ ಸ್ಕ್ಯಾನ್ ಮಾಡಿಕೊಂಡು ಹೋದರೆ ಹಲ್ಲಿನ ಮೇಲ್ಭಾಗ ಮಾತ್ರ ಗೊತ್ತಾಗುತ್ತೆ. ಬೇರು, ಮೂಳೆ ನೋಡೋಕೆ ಎಕ್ಸ್‌ರೇನೇ ಬೇಕು. ವಸಡಿನ ಕಾಯಿಲೆಯಿಂದ ಮೂಳೆ ಸವೆದಿದ್ದರೆ, ಅಂಥ ಹಲ್ಲನ್ನು ತಳ್ಳಿದಾಗ ಅದು ಇನ್ನೂ ಸಡಿಲ ಆಗಬಹುದು. ಒಳಗೆ ಹುಳುಕು ಇದ್ದರೂ ಮೊದಲು ಅದನ್ನು ತುಂಬಿಸಬೇಕು.

ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ, ಗುಟ್ಕಾ ಅಥವಾ ಹೊಗೆಸೊಪ್ಪು ಚಟ ಇದ್ದರೆ ಮೊದಲು ವಸಡು ತೋರಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದುಗಟ್ಟಿದವರು ಬಹಳ ಜನ ಇದ್ದಾರೆ. ಅಂಥ ಹಲ್ಲಿನ ಮೇಲೆ ಅಂಟಿಸಿದ ಉಬ್ಬುಗಳು ಬೇಗ ಉದುರಬಹುದು. ಇದನ್ನು ಡಾಕ್ಟರ್ ಹತ್ರ ಮುಂಚೆಯೇ ಕೇಳಿ.

ಹಲ್ಲು ತುಂಬಾ ತಿರುಗಿದ್ದರೆ ಅಥವಾ ದವಡೆಯಲ್ಲೇ ತೊಂದರೆ ಇದ್ದರೆ ಅಲೈನರ್ ಒಂದರಿಂದಲೇ ಆಗದೆ ಇರಬಹುದು. ‘ನಿಮಗೆ ತಂತಿ ಕ್ಲಿಪ್ಪೇ ಒಳ್ಳೇದು’ ಅಂತ ಡಾಕ್ಟರ್ ಹೇಳಿದರೆ ಬೇಜಾರಾಗಬೇಡಿ.

ಸಮಸ್ಯೆ 2: 22 ಗಂಟೆ ಲೆಕ್ಕ ತಪ್ಪೋದು

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. 22 ಗಂಟೆ ಅಂದರೆ ತೆಗೆದಿಡೋಕೆ ಉಳಿಯೋದು ಬರೀ 2 ಗಂಟೆ. ತಿಂಡಿ, ಊಟ, ರಾತ್ರಿ ಊಟಕ್ಕೆ ಅರ್ಧರ್ಧ ಗಂಟೆ ಹಿಡಿದರೆ ಒಂದೂವರೆ ಗಂಟೆ ಆಯ್ತು. ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಟೀ, ಒಂದಕ್ಕೆ ಕಾಲು ಗಂಟೆ ಅಂದರೂ ಇನ್ನೊಂದು ಗಂಟೆ. ಅಲ್ಲಿಗೆ ಲೆಕ್ಕ ತಪ್ಪಿತು. ಮಧ್ಯೆ ಬೋಂಡ, ಕಡಲೆಕಾಯಿ ಬಾಯಾಡಿಸಿದರೆ ಕೇಳೋದೇ ಬೇಡ.

ಗಂಟೆ ಕಮ್ಮಿ ಆದರೆ ಹಲ್ಲು ಹಿಂದೆ ಉಳಿಯುತ್ತೆ, ಮುಂದಿನ ಸೆಟ್ ಸರಿಯಾಗಿ ಕೂರಲ್ಲ. ಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಸಂದು ಕಂಡರೆ ಅದೇ ಸೂಚನೆ. ಹಾಗೆ ಕಂಡಾಗ ಮುಂದಿನ ಸೆಟ್‌ಗೆ ಹೋಗಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಟೀಯನ್ನು ತಿಂಡಿ ಅಥವಾ ಊಟದ ಜೊತೆಗೇ ಕುಡಿದು ಮುಗಿಸೋದು ಸುಲಭದ ದಾರಿ.

ಸಮಸ್ಯೆ 3: ಹಾಕ್ಕೊಂಡೇ ಟೀ, ಜ್ಯೂಸ್ ಕುಡಿಯೋದು

ಬಿಸಿ ಟೀಗೆ ಪ್ಲಾಸ್ಟಿಕ್ ಆಕಾರ ಕೆಡಬಹುದು, ಕಲೆ ಅಂತೂ ಹಿಡಿಯುತ್ತೆ. ಅದಕ್ಕಿಂತ ಕೆಟ್ಟದ್ದು ಸಕ್ಕರೆ. ಸಿಹಿ ಒಳಗೆ ಸೇರಿಕೊಂಡರೆ ಎಂಜಲಿನಿಂದ ತೊಳೆದು ಹೋಗಲ್ಲ, ಅಲ್ಲೇ ನಿಂತು ಹುಳುಕಿಗೆ ದಾರಿ ಮಾಡುತ್ತೆ. ಹಾಕ್ಕೊಂಡಿರುವಾಗ ಕುಡಿಯಬಹುದಾದ್ದು ಬಿಸಿ ಇಲ್ಲದ ಬರೀ ನೀರು ಮಾತ್ರ. ತಿಂದ ಮೇಲೆ ಬ್ರಷ್ ಮಾಡಿ ಹಾಕ್ಕೊಳ್ಳಿ. ಆಗದಿದ್ದರೆ ಬಾಯಿ ಚೆನ್ನಾಗಿ ಮುಕ್ಕಳಿಸಿಯಾದರೂ ಹಾಕ್ಕೊಳ್ಳಿ.

ಅಲೈನರ್ ತೊಳೆಯೋಕೆ ತಣ್ಣೀರು, ಮೆತ್ತನೆ ಬ್ರಷ್ ಸಾಕು. ಬಿಸಿನೀರು ಬೇಡ. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬಿದ್ದು ಮಸುಕಾಗುತ್ತೆ.

ಸಮಸ್ಯೆ 4: ಕಳೆದುಹೋಗೋದು, ಮುರಿಯೋದು

ಮದುವೆ ಊಟಕ್ಕೆ ಕೂತಾಗ ಟಿಶ್ಯೂ ಪೇಪರ್‌ನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟರೆ ಎಲೆ ಎತ್ತುವಾಗ ಅದೂ ಹೋಗುತ್ತೆ. ಮನೆಯಲ್ಲಿ ನಾಯಿ ಇದ್ದರೆ ಕಚ್ಚಿ ಪುಡಿ ಮಾಡೋದೂ ಉಂಟು. ಬಾಯಲ್ಲಿಲ್ಲ ಅಂದರೆ ಡಬ್ಬಿಯಲ್ಲಿ ಇರಬೇಕು, ಅಷ್ಟೇ.

ಕಳೆದುಹೋದರೆ ಸುಮ್ಮನೆ ಕೂರಬೇಡಿ, ಹಲ್ಲು ವಾಪಸ್ ಸರಿಯೋಕೆ ಶುರುವಾಗುತ್ತೆ. ಹಿಂದಿನ ಸೆಟ್ ಹಾಕ್ಕೊಂಡು ಡಾಕ್ಟರ್‌ಗೆ ತಿಳಿಸಿ. ಅದಕ್ಕೇ ಹಳೇ ಸೆಟ್ ಬಿಸಾಡಬೇಡಿ.

ಸಮಸ್ಯೆ 5: ಮುಗಿದ ಮೇಲೆ ಮರೆಯೋದು

ಹಲ್ಲು ನೇರ ಆದ ತಕ್ಷಣ ಚಿಕಿತ್ಸೆ ಮುಗಿಯಲ್ಲ. ಅದೇ ಜಾಗದಲ್ಲಿ ನಿಲ್ಲಿಸೋಕೆ ರಿಟೇನರ್ ಬೇಕು. ಶುರುವಿನಲ್ಲಿ ಡಾಕ್ಟರ್ ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿ ಹೊತ್ತು ವರ್ಷಗಟ್ಟಲೆ ಹಾಕ್ಕೋಬೇಕು. ಬಿಟ್ಟರೆ ಹಲ್ಲು ಹಳೇ ಜಾಗಕ್ಕೆ ಹೊರಡುತ್ತೆ. ಇನ್ನೊಂದು ವಿಷಯ: ಕೊನೆಗೆ ಕೆಲವರಿಗೆ ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗದೆ ಅಗಿಯೋಕೆ ಕಷ್ಟ ಆಗುತ್ತೆ. ಹಾಗಾದರೆ ತಡ ಮಾಡದೆ ತೋರಿಸಿ.

ಇಎಂಐ ವಿಷಯ ಹುಷಾರು

ಅಮೆರಿಕದಲ್ಲಿ ಸ್ಮೈಲ್ ಡೈರೆಕ್ಟ್ ಕ್ಲಬ್ ಅನ್ನೋ ದೊಡ್ಡ ಕಂಪನಿ ಅಲೈನರ್‌ಗಳನ್ನು ಮನೆಗೇ ಕಳಿಸುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿ, ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಅರ್ಧ ಚಿಕಿತ್ಸೆಯಲ್ಲಿದ್ದವರ ಕೈಬಿಟ್ಟಿತು. ಆದರೂ ಕಂತಿನವರು ಕಂತು ಕಟ್ಟುತ್ತಲೇ ಇರಬೇಕು ಅಂತ ಹೇಳಿತು.

ನಮ್ಮಲ್ಲೂ ಇಎಂಐ ಅಂದರೆ ಸಾಲವೇ. ಎಷ್ಟೋ ಸಲ ಆ ಸಾಲ ಕೊಡೋದು ಕ್ಲಿನಿಕ್ ಅಲ್ಲ, ಫೈನಾನ್ಸ್ ಕಂಪನಿ. ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ತಾನಾಗೇ ನಿಲ್ಲಲ್ಲ. ಹಾಗಾಗಿ ಸಹಿ ಹಾಕುವ ಮುಂಚೆ ಸಾಲ ಯಾರ ಹೆಸರಲ್ಲಿ, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನೋದನ್ನು ಬರಹದಲ್ಲಿ ತಗೊಳ್ಳಿ.

ದುಡ್ಡು ಕಟ್ಟುವ ಮುಂಚೆ ಕೇಳಿ

• ನನ್ನನ್ನು ನೋಡಿಕೊಳ್ಳುವ ಡಾಕ್ಟರ್ ಯಾರು? ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಬಿಡಿಎಸ್ ಆದ ಮೇಲೆ ಹಲ್ಲು ಸರಿಪಡಿಸೋದನ್ನೇ ಮೂರು ವರ್ಷ ಓದಿದವರು ಆರ್ಥೊಡಾಂಟಿಕ್ಸ್ ಎಂಡಿಎಸ್.
• ಎಕ್ಸ್‌ರೇ, ವಸಡು ಪರೀಕ್ಷೆ ಮಾಡ್ತೀರಾ?
• ಒಟ್ಟು ಎಷ್ಟು ಸೆಟ್, ಎಷ್ಟು ತಿಂಗಳು?
• ಅಂದುಕೊಂಡ ಹಾಗೆ ಹಲ್ಲು ಸರಿಯದಿದ್ದರೆ ಹೆಚ್ಚುವರಿ ಸೆಟ್‌ಗೆ ದುಡ್ಡು ಬೇರೆನಾ? ರಿಟೇನರ್‌ಗೆ?
• ತೊಂದರೆಯಾದರೆ ನಾನು ಎಲ್ಲಿಗೆ ಬರಬೇಕು? ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ಇವಕ್ಕೆ ನೇರ ಉತ್ತರ ಸಿಗದಿದ್ದರೆ ಆ ಕಡೆ ಹೋಗಬೇಡಿ. ಎರಡನೇ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಆರ್ಥೊಡಾಂಟಿಕ್ಸ್ ವಿಭಾಗ ಇದೆ.

ಮೋಸ ಆದರೆ?

ರಸೀದಿ, ಕರಾರು ಪತ್ರ, ವಾಟ್ಸಾಪ್ ಮೆಸೇಜ್, ಶುರುವಿನ ಹಲ್ಲಿನ ಫೋಟೋ ಎಲ್ಲ ಇಟ್ಕೊಳ್ಳಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ.

ಹಲ್ಲು ತುಂಬಾ ಅಲುಗಾಡುತ್ತಿದ್ದರೆ, ವಸಡು ಊದಿ ಕೀವು ಬಂದರೆ ಕಂಪನಿಯ ಚಾಟ್‌ನಲ್ಲಿ ಉತ್ತರಕ್ಕೆ ಕಾಯಬೇಡಿ. ಅವತ್ತೇ ಹತ್ತಿರದ ದಂತವೈದ್ಯರಿಗೆ ತೋರಿಸಿ.