ಬೆಲೆ ಎಷ್ಟು, ಬಾಳುವುದೆಷ್ಟು?

ಕನ್ನಡದಲ್ಲಿ ‘ಬೆಲೆಬಾಳುವ ವಸ್ತು’ ಎಂಬ ಮಾತು ಬಳಕೆಯಲ್ಲಿದೆ. ‘ಬಾಳು’ ಎಂಬ ಧಾತುವಿಗೆ ಜೀವಿಸು ಎಂಬುದು ಒಂದರ್ಥ. ಇಂತಿಷ್ಟು ಬೆಲೆಗೆ ತಕ್ಕುದಾಗಿರು ಎಂಬುದು ಇನ್ನೊಂದರ್ಥ. ಒಂದು ಪದಾರ್ಥಕ್ಕೆ ಬೆಲೆಯಿರುವುದು ಬೇರೆ, ಅದು ಆ ಬೆಲೆಯನ್ನು ಬಾಳುವುದು ಬೇರೆ. ಮೊದಲನೆಯದನ್ನು ಅಂಗಡಿಯವನು ಚೀಟಿಯಲ್ಲಿ ಬರೆದಿಟ್ಟಿರುತ್ತಾನೆ. ಎರಡನೆಯದನ್ನು ಕೊಳ್ಳುವವನೇ ಲೆಕ್ಕಹಾಕಬೇಕು.

ಈ ಲೆಕ್ಕದ ಅವಶ್ಯಕತೆ ಈಗ ಹೆಚ್ಚಾಗಿ ಬೀಳುತ್ತಿರುವುದು ಮೊಬೈಲ್ ಫೋನಿನ ವಿಷಯದಲ್ಲಿ. ೨೦೦೮ರ ಆಗಸ್ಟಿನಲ್ಲಿ ಆಪಲ್ ಸಂಸ್ಥೆಯ ಐಫೋನು ಭಾರತದ ಪೇಟೆಗೆ ಬಂದಾಗ ಅದರ ೮ ಜಿಬಿ ಮಾದರಿಗೆ ೩೧,೦೦೦ ರೂಪಾಯಿ ಬೆಲೆಯಿತ್ತು. ೨೦೨೪ರಲ್ಲಿ ಅದೇ ಸಂಸ್ಥೆಯ ಅಗ್ರಮಾದರಿಯಾದ ಐಫೋನ್ ೧೬ ಪ್ರೋ ಮ್ಯಾಕ್ಸ್ ೧,೪೪,೯೦೦ ರೂಪಾಯಿಗೆ ಮಾರಾಟಕ್ಕೆ ಬಂದಿತು. ಅದೇ ವರ್ಷದ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಎಸ್ ೨೪ ಅಲ್ಟ್ರಾ ಫೋನಿನ ಆರಂಭದ ಬೆಲೆ ೧,೨೯,೯೯೯ ರೂಪಾಯಿ. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ ಇಂತಹ ಫೋನನ್ನು ಕೈಗೆತ್ತಿಕೊಂಡು ನೋಡಿ ಬಂದ ಮಗನೋ ಮಗಳೋ ಮನೆಯಲ್ಲಿ ಮಾತೆತ್ತಿದಾಗ, ತಂದೆತಾಯಿಗಳು ಏನು ಉತ್ತರ ಕೊಡಬೇಕು? ‘ಬೇಡ’ ಎಂದುಬಿಡುವುದು ಸುಲಭ. ‘ಆಗಲಿ’ ಎಂದುಬಿಡುವುದು ಕಂತಿನ ದೆಸೆಯಿಂದ ಇನ್ನೂ ಸುಲಭ. ಎರಡಕ್ಕೂ ಮೊದಲು ನಮ್ಮ ಜಿಲ್ಲೆಯ ಚರಿತ್ರೆಯತ್ತ ಒಮ್ಮೆ ನೋಡುವುದು ಒಳ್ಳೆಯದು. ಏಕೆಂದರೆ ಇದೇ ಪ್ರಶ್ನೆ ಇನ್ನೊಂದು ಪೆಟ್ಟಿಗೆಯ ರೂಪದಲ್ಲಿ ಈ ಊರುಗಳಿಗೆ ಹಿಂದೆ ಬಂದು ಹೋಗಿದೆ. ಆ ಪೆಟ್ಟಿಗೆಯೇ ರೇಡಿಯೋ.

ಕನ್ನಡ ನಾಡಿನಲ್ಲಿ ಬಾನುಲಿಯ ಕಥೆ ಮೈಸೂರಿನಿಂದ ಮೊದಲಾಗುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ ೩೦ ವ್ಯಾಟ್ ಶಕ್ತಿಯ ಚಿಕ್ಕ ಯಂತ್ರವೊಂದನ್ನಿರಿಸಿ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು; ಮುಂದೆ ಭಾರತದ ರೇಡಿಯೋ ಸಂಸ್ಥೆಯೇ ಅದನ್ನು ಧರಿಸಿತು. ೧೯೫೦ರಲ್ಲಿ ಧಾರವಾಡದ ನಿಲಯವೂ ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯವೂ ಆರಂಭವಾದುವು. ಆದರೆ ಶಿವಮೊಗ್ಗಕ್ಕೆ ಧಾರವಾಡ ೨೦೦ ಕಿಲೋಮೀಟರಿಗೆ ಮಿಕ್ಕಿದ ದೂರ. ಬೆಂಗಳೂರು ಸುಮಾರು ೩೦೦ ಕಿಲೋಮೀಟರು. ಈ ದೂರವೇ ಆಗ ರೇಡಿಯೋ ಕೊಳ್ಳುವವರ ಮುಂದಿದ್ದ ಮುಖ್ಯ ಸಮಸ್ಯೆ.

ಅದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಮಧ್ಯಮ ತರಂಗದ ಪ್ರಸಾರವು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತದೆ. ದೂರ ಹೋದಂತೆ ಅದರ ಬಲ ಕುಂದುತ್ತದೆ. ರಾತ್ರಿಯಲ್ಲಿ ಮೇಲಣ ವಾಯುಮಂಡಲದ ವಿದ್ಯುತ್ಕಣಗಳ ಪದರದಿಂದ ಅದು ಪ್ರತಿಫಲಿಸಿ ದೂರದ ಊರಿಗೂ ಬೀಳುತ್ತದೆ. ಆದರೆ ಆ ಧ್ವನಿ ಒಮ್ಮೆ ಏರುತ್ತ ಒಮ್ಮೆ ಇಳಿಯುತ್ತ ಇರುತ್ತದೆ. ಇಂತಹ ಕ್ಷೀಣವಾದ ತರಂಗವನ್ನು ಹಿಡಿದು ಮಾತನ್ನಾಗಿ ಕೇಳಿಸಬೇಕಾದರೆ ಒಳ್ಳೆಯ ವಾಲ್ವುಗಳುಳ್ಳ ದೊಡ್ಡ ಪೆಟ್ಟಿಗೆ ಬೇಕು, ಮನೆಯ ಮೇಲೆ ಎತ್ತರದಲ್ಲಿ ಕಟ್ಟಿದ ಏರಿಯಲ್ ತಂತಿ ಬೇಕು, ನೆಲಕ್ಕಿಳಿಸಿದ ಅರ್ಥಿನ ತಂತಿ ಬೇಕು. ಸಿಲೋನಿನ ಚಲನಚಿತ್ರ ಗೀತೆಗಳನ್ನು ಕೇಳಬೇಕೆಂದರೆ ಹ್ರಸ್ವತರಂಗದ ಪಟ್ಟಿಗಳೂ ಇರಬೇಕು. ಆದಕಾರಣ ಆ ದಿನಗಳಲ್ಲಿ ಹೆಚ್ಚು ಬೆಲೆ ಕೊಟ್ಟವನಿಗೆ ಹೆಚ್ಚು ಪ್ರಯೋಜನವೇ ದೊರೆಯುತ್ತಿತ್ತು. ದುಬಾರಿ ಪೆಟ್ಟಿಗೆ ಕೇಳಿಸುತ್ತಿದ್ದುದನ್ನು ಅಗ್ಗದ ಪೆಟ್ಟಿಗೆ ಕೇಳಿಸುತ್ತಲೇ ಇರಲಿಲ್ಲ. ಅದನ್ನು ಬರಿಯ ಡೌಲು ಎನ್ನುವಂತಿರಲಿಲ್ಲ.

ಕೊಂಡ ಮೇಲೆ ಖರ್ಚು ಮುಗಿಯುತ್ತಲೂ ಇರಲಿಲ್ಲ. ಹಸುವನ್ನು ಕೊಳ್ಳುವವನು ಹುಲ್ಲಿನ ಲೆಕ್ಕವನ್ನೂ ಹಾಕಬೇಕಷ್ಟೆ. ೧೯೩೩ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧ. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಟ್ಟ ಲೈಸೆನ್ಸು ಪುಸ್ತಕದಲ್ಲಿ ಚೀಟಿ ಅಂಟಿಸಿಕೊಂಡು ಬರಬೇಕಾಗಿತ್ತು. ಗೃಹಬಳಕೆಯ ರೇಡಿಯೋಗೆ ಅನೇಕ ವರ್ಷಗಳ ಕಾಲ ಈ ಶುಲ್ಕ ೧೫ ರೂಪಾಯಿ. ಈ ಪದ್ಧತಿ ಪೂರ್ತಿಯಾಗಿ ರದ್ದಾದುದು ೧೯೮೦ರ ದಶಕದಲ್ಲಿ. ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಕೆಲಸವನ್ನಾರಂಭಿಸಿದರೂ ಎಲ್ಲ ಮನೆಗಳಿಗೆ ವಿದ್ಯುತ್ತು ಬರಲು ಕಾಲ ಹಿಡಿಯಿತು. ವಿದ್ಯುತ್ತಿಲ್ಲದವರಿಗೆ ಬ್ಯಾಟರಿಯ ವೆಚ್ಚ ಬೇರೆ. ವಾಲ್ವು ಸುಟ್ಟರೆ ಅದನ್ನು ಬದಲಾಯಿಸಬೇಕಾಗಿತ್ತು.

ಹೀಗಿರಲಾಗಿ ಎರಡು ಸಂಗತಿಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದುವು. ಮೊದಲನೆಯದು ದೂರದೇಶದ್ದು. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್, ಬ್ರಾಟೇನ್ ಎಂಬವರು ಟ್ರಾನ್ಸಿಸ್ಟರನ್ನು ರೂಪಿಸಿ ತೋರಿಸಿದರು. ೧೯೫೪ರಲ್ಲಿ ಆ ದೇಶದಲ್ಲಿ ಮಾರಾಟಕ್ಕೆ ಬಂದ ರೀಜೆನ್ಸಿ ಎಂಬ ಕಿರುರೇಡಿಯೋಗೆ ೪೯.೯೫ ಡಾಲರು ಬೆಲೆಯಿತ್ತು. ಅದೂ ಮೊದಲಿಗೆ ಹಣವಂತರ ವಸ್ತುವೇ. ಬರಬರುತ್ತ ಬೆಲೆ ಇಳಿಯಿತು. ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಮುಂದಿನ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ವಾಲ್ವು ಕಾಯುವವರೆಗೆ ಕುಳಿತಿರಬೇಕಾದ ಕಾಲ ಕಳೆಯಿತು.

ಎರಡನೆಯ ಸಂಗತಿ ನಮ್ಮ ಮನೆಬಾಗಿಲಿನದು. ೧೯೬೫ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ೧೯೨೩ರಲ್ಲಿ ಕಬ್ಬಿಣದ ಉತ್ಪಾದನೆಯನ್ನಾರಂಭಿಸಿದ ಕಾರ್ಖಾನೆ, ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವುಗಳಿಂದ ಹೆಸರಾದ ಊರಿಗೆ ಬಾನುಲಿಯ ಹೆಸರೂ ಸೇರಿತು. ಶಿವಮೊಗ್ಗ ಅಲ್ಲಿಂದ ಸುಮಾರು ೨೦ ಕಿಲೋಮೀಟರು. ಇಷ್ಟು ಹತ್ತಿರದ ನಿಲಯದ ತರಂಗವನ್ನು ಹಿಡಿಯಲು ಮಾಡಿನ ಮೇಲಿನ ತಂತಿಯೇ ಬೇಕಿಲ್ಲ. ಒಂದೇ ಪಟ್ಟಿಯ ಟ್ರಾನ್ಸಿಸ್ಟರಿನೊಳಗಿರುವ ಗೇಣುದ್ದದ ಫೆರೈಟ್ ಕಡ್ಡಿಯೇ ಸಾಕು. ಹಳೇನಗರದ ಅಂಗಡಿಯಲ್ಲಾಗಲಿ ಪೇಪರ್ ಟೌನಿನ ವಸತಿಗೃಹದಲ್ಲಾಗಲಿ ಗಾಂಧಿ ಬಜಾರಿನ ಮಾಳಿಗೆಯಲ್ಲಾಗಲಿ, ಆ ನಿಲಯದ ವಾರ್ತೆ ದೊಡ್ಡ ಪೆಟ್ಟಿಗೆಯಲ್ಲಿ ಕೇಳುವಷ್ಟೇ ಸ್ಪಷ್ಟವಾಗಿ ಚಿಕ್ಕದರಲ್ಲಿಯೂ ಕೇಳತೊಡಗಿತು.

ಇಲ್ಲಿ ನಾವು ಗಮನಿಸಬೇಕಾದ ವಿಷಯವೊಂದಿದೆ. ಆಗ ದೊಡ್ಡ ಪೆಟ್ಟಿಗೆ ಕೆಟ್ಟಿತೇ? ಇಲ್ಲ. ಅದರ ಒಂದು ತಿರುಪೂ ಬದಲಾಗಲಿಲ್ಲ. ಬದಲಾದುದು ಹೊರಗಿನ ಪರಿಸ್ಥಿತಿ. ನಿಲಯವು ದೂರವಿದ್ದಾಗ ದುಬಾರಿ ಪೆಟ್ಟಿಗೆಗೂ ಅಗ್ಗದ ಪೆಟ್ಟಿಗೆಗೂ ಇದ್ದ ಅಂತರ, ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ಅಂತರವಾಗಿತ್ತು. ನಿಲಯವು ಹತ್ತಿರ ಬಂದಾಗ ಅದು ಚೆನ್ನಾಗಿ ಕೇಳುವುದಕ್ಕೂ ಇನ್ನೂ ಚೆನ್ನಾಗಿ ಕೇಳುವುದಕ್ಕೂ ಇರುವ ಅಂತರವಾಯಿತು. ಬೆಲೆಯ ವ್ಯತ್ಯಾಸ ಉಳಿಯಿತು, ಪ್ರಯೋಜನದ ವ್ಯತ್ಯಾಸ ಕುಗ್ಗಿತು. ದೂರದ ನಿಲಯಗಳ ಸಂಗೀತ ಕಛೇರಿಯನ್ನೋ ವಿದೇಶದ ವಾರ್ತೆಯನ್ನೋ ಬಯಸುವವರಿಗೆ ಮಾತ್ರ ಅನೇಕ ಪಟ್ಟಿಗಳ ದೊಡ್ಡ ಯಂತ್ರ ಅನಂತರವೂ ಬೆಲೆಬಾಳುತ್ತಿತ್ತು. ಉಳಿದವರಿಗೆ ಅದು ಬೆಲೆಯುಳ್ಳ ವಸ್ತುವಷ್ಟೇ.

ಈ ತೂಕದ ಕಲ್ಲನ್ನೇ ಮೊಬೈಲಿಗೆ ಇಟ್ಟು ನೋಡೋಣ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು ೧೯೯೫ರ ಜುಲೈ ೩೧ರಂದು. ಆರಂಭದ ವರ್ಷಗಳಲ್ಲಿ ಮಾಡಿದ ಕರೆಗೆ ಮಾತ್ರವಲ್ಲ, ಬಂದ ಕರೆಗೂ ಹಣ ಕೊಡಬೇಕಾಗಿತ್ತು; ೨೦೦೩ರಲ್ಲಿ ಆ ಹೊರೆ ತಪ್ಪಿತು. ೨೦೧೬ರಲ್ಲಿ ಎರಡು ಬದಲಾವಣೆಗಳಾದುವು: ಯುಪಿಐ ಎಂಬ ಹಣ ಪಾವತಿಯ ವ್ಯವಸ್ಥೆ ಬಂದಿತು, ೪ಜಿ ಜಾಲದ ದರವು ಒಮ್ಮೆಲೇ ಇಳಿಯಿತು. ಎಂದರೆ ಬಾನುಲಿಯ ಚರಿತ್ರೆಯಲ್ಲಿ ೧೯೬೫ ನಮ್ಮ ಊರುಗಳಿಗೆ ಮಾಡಿದ ಕೆಲಸವನ್ನು ಮೊಬೈಲಿನ ಚರಿತ್ರೆಯಲ್ಲಿ ೨೦೧೬ ಮಾಡಿತು. ನಿಲಯ ಹತ್ತಿರ ಬಂದಿತು. ತರಕಾರಿಯವನಿಗೆ ಹಣ ಕಳುಹಿಸುವುದು, ವಾಟ್ಸ್‌ಆಪಿನಲ್ಲಿ ಮಗಳ ಮುಖ ನೋಡುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುವುದು, ರೈಲಿನ ಚೀಟಿ ಕಾದಿರಿಸುವುದು, ಇವೆಲ್ಲವೂ ೧೫,೦೦೦ ರೂಪಾಯಿಯ ಫೋನಿನಲ್ಲಿ ನಡೆಯುತ್ತವೆ. ಒಂದೂವರೆ ಲಕ್ಷದ ಫೋನಿನಲ್ಲಿಯೂ ನಡೆಯುತ್ತವೆ. ಗೋಪುರದ ತರಂಗ ಮುಟ್ಟದ ಮಲೆನಾಡಿನ ಕಣಿವೆಯಲ್ಲಾದರೋ ಎರಡೂ ಒಂದೇ ರೀತಿ ಮೌನವಾಗಿರುತ್ತವೆ.

ಹಾಗಾದರೆ ಹೆಚ್ಚಿನ ಹಣಕ್ಕೆ ದೊರೆಯುವುದೇನು? ದೊರೆಯುತ್ತದೆ, ಅದನ್ನು ಮರೆಮಾಚಬಾರದು. ಮಂದ ಬೆಳಕಿನಲ್ಲಿಯೂ ದೂರದಿಂದಲೂ ಚಿತ್ರ ತೆಗೆಯುವ ಒಳ್ಳೆಯ ಕ್ಯಾಮೆರಾ, ಚುರುಕಾದ ಗಣಕಶಕ್ತಿ, ಗಟ್ಟಿಯಾದ ಕಟ್ಟಡ, ಹೆಚ್ಚು ವರ್ಷಗಳ ತಂತ್ರಾಂಶದ ಪೋಷಣೆ. ಮೇಲೆ ಹೇಳಿದ ಸ್ಯಾಮ್‌ಸಂಗ್ ಫೋನಿಗೆ ಏಳು ವರ್ಷಗಳ ತಂತ್ರಾಂಶವನ್ನು ಕೊಡುವುದಾಗಿ ಸಂಸ್ಥೆ ವಾಗ್ದಾನ ಮಾಡಿದೆ. ಮದುವೆ ಮುಂಜಿಗಳ ಚಿತ್ರೀಕರಣವೇ ಜೀವನೋಪಾಯವಾದವನಿಗೆ, ವಿಡಿಯೋ ಮಾಡಿ ಸಂಪಾದಿಸುವವನಿಗೆ, ಇವು ಉಪಕರಣದ ಗುಣಗಳು. ಕಮ್ಮಾರನು ಒಳ್ಳೆಯ ಅಡಿಗಲ್ಲನ್ನು ಕೊಂಡಂತೆ ಅವನು ಕೊಳ್ಳಲಿ.

ಉಳಿದವರು ಬಾಳಿಕೆಯ ಲೆಕ್ಕ ಹಾಕಬೇಕು. ೧,೨೯,೯೯೯ ರೂಪಾಯಿಯ ಫೋನು ಪೂರ್ತಿ ಏಳು ವರ್ಷ ಬಾಳಿತೆನ್ನೋಣ. ವರ್ಷಕ್ಕೆ ಸುಮಾರು ೧೮,೫೭೦ ರೂಪಾಯಿ ಬಿದ್ದಿತು. ೨೦,೦೦೦ ರೂಪಾಯಿಯ ಫೋನು ನಾಲ್ಕೇ ವರ್ಷ ಬಾಳಿತೆನ್ನೋಣ, ವರ್ಷಕ್ಕೆ ೫,೦೦೦. ಏಳು ವರ್ಷಗಳ ಬಾಳಿಕೆಯ ಆಸೆಯಿಂದ ಕೊಂಡವನು ಮೂರನೆಯ ವರ್ಷವೇ ಹೊಸ ಮಾದರಿಗೆ ಮನಸೋತರೆ ವರ್ಷದ ವೆಚ್ಚ ೪೩,೦೦೦ಕ್ಕೂ ಮೀರುತ್ತದೆ. ಹಳೆಯದನ್ನು ಮಾರಿದ ಹಣವನ್ನು ಅದರಲ್ಲಿ ಕಳೆಯಬಹುದು, ಅಷ್ಟೆ. ಗಾಜು ಒಡೆದರೆ, ಬ್ಯಾಟರಿ ಸೊರಗಿದರೆ, ದುಬಾರಿ ಫೋನಿನ ರಿಪೇರಿಯೂ ದುಬಾರಿಯೇ. ಲೈಸೆನ್ಸು ಪುಸ್ತಕದ ಸ್ಥಾನದಲ್ಲಿ ತಿಂಗಳ ರೀಚಾರ್ಜು ನಿಂತಿದೆ.

ಇನ್ನು ಕಂತಿನ ಮಾತು. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ಕಂಡು ಅನೇಕರು ಒಳಗೆ ಕಾಲಿಡುತ್ತಾರೆ. ಸೊನ್ನೆ ಬಡ್ಡಿಯ ಹೆಸರಿನ ಇಂತಹ ಯೋಜನೆಗಳಲ್ಲಿ ಬಡ್ಡಿಯು ಶುಲ್ಕದ ವೇಷದಲ್ಲಿ ಅಡಗಿರುವುದುಂಟೆಂದು ಭಾರತೀಯ ರಿಸರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಗದು ಕೊಟ್ಟರೆ ಸಿಗುವ ರಿಯಾಯಿತಿಯನ್ನು ಕಂತಿನವನು ಕಳೆದುಕೊಳ್ಳುವುದೂ ಉಂಟು. ಆದರೆ ಇದಕ್ಕಿಂತ ದೊಡ್ಡದಾದ ವಿಚಾರವನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಯ ಕೊಳವೆ ಊದಿದರೆ ಸಂಬಳ ಬಂದೇ ಬರುತ್ತದೆಂಬ ನಂಬಿಕೆಯ ಮೇಲೆ ಆ ಊರಿನ ಮೂರು ತಲೆಮಾರು ಬದುಕಿತು. ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಜನವರಿಯಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕೂರಬೇಕಾಯಿತು. ಕಂತಿನ ಕಾಗದಕ್ಕೆ ರುಜು ಹಾಕುವವನು ಮುಂದಿನ ಇಪ್ಪತ್ತನಾಲ್ಕು ತಿಂಗಳ ಸಂಬಳಕ್ಕೆ ತಾನೇ ಜಾಮೀನು ನಿಲ್ಲುತ್ತಾನೆ. ಸಂಬಳ ನಿಂತರೂ ಕಂತು ನಿಲ್ಲುವುದಿಲ್ಲ.

ಆದುದರಿಂದ ಮನೆಯಲ್ಲಿ ಮಾತು ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಈಗಿರುವ ಫೋನಿನಲ್ಲಿ ಆಗದ ಯಾವ ಕೆಲಸ ಹೊಸದರಲ್ಲಿ ಆಗುತ್ತದೆ? ಆ ಕೆಲಸ ನಮಗೆ ವಾರಕ್ಕೊಮ್ಮೆಯಾದರೂ ಬೇಕೇ? ಕೂಡಿಟ್ಟ ಹಣದಿಂದ ಕೊಂಡು, ಅದು ನಾಳೆ ತುಂಗೆಯ ನೀರಿಗೆ ಬಿದ್ದುಹೋದರೂ ಮಕ್ಕಳ ಶುಲ್ಕಕ್ಕೂ ಹಿರಿಯರ ಔಷಧಿಗೂ ಕೊರತೆಯಾಗದೇ? ಮೂರಕ್ಕೂ ಸಮಾಧಾನವಾದ ಉತ್ತರ ದೊರೆತರೆ ಸಂತೋಷದಿಂದ ಕೊಳ್ಳಬಹುದು. ಒಳ್ಳೆಯ ವಸ್ತುವನ್ನು ಬಳಸುವ ಸುಖವೂ ಸುಖವೇ, ಅದಕ್ಕೆ ನಾಚಬೇಕಾಗಿಲ್ಲ. ಮೊದಲನೆಯ ಪ್ರಶ್ನೆಗೇ ಉತ್ತರ ತಡವರಿಸಿದರೆ ಒಂದು ವರ್ಷ ಕಾಯುವುದು ಲೇಸು. ಕಾದವನಿಗೆ ನಷ್ಟವಿಲ್ಲ, ಇಂದಿನ ಅಗ್ರಮಾದರಿಯ ಬೆಲೆ ಮುಂದಿನ ಮಾದರಿ ಬಂದೊಡನೆ ಸಾಮಾನ್ಯವಾಗಿ ಇಳಿಯುತ್ತದೆ, ಅದರ ಇಂದಿನ ವಿಶೇಷಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಸಾಧಾರಣ ಬೆಲೆಯ ಫೋನುಗಳಿಗೂ ಬರುತ್ತವೆ.

ಮಕ್ಕಳಿಗೆ ಈ ಲೆಕ್ಕವನ್ನು ಉಪದೇಶವಾಗಿ ಹೇಳುವುದಕ್ಕಿಂತ ಒಂದು ಹಾಳೆಯ ಮೇಲೆ ಅವರಿಂದಲೇ ಬರೆಸುವುದು ಮೇಲು. ಬೆಲೆ, ಬಾಳುವ ವರ್ಷ, ವರ್ಷದ ವೆಚ್ಚ, ಅದರಿಂದಾಗುವ ಕೆಲಸ ಎಂದು ನಾಲ್ಕು ಕಲಮು ಎಳೆದರೆ ಸಾಕು. ನಾಲ್ಕನೆಯ ಕಲಮನ್ನು ತುಂಬುವಾಗ ಪೆನ್ನು ಎಲ್ಲಿ ನಿಲ್ಲುತ್ತದೆಂಬುದನ್ನು ಅವರೇ ಕಾಣುವರು.